ಇರುವೆ ಕಚ್ಚಿದ ಹಾಗೆ

ಬೆಳಿಗ್ಗೆ ಎಂಟರಿಂದ ನನ್ನ ಕೈಗೆ ಹೆದರುವವರ ಸಾಲು.
ಆಸ್ಪತ್ರೆಯ ಹದಿನಾಲ್ಕನೇ ಕೋಣೆ,
ರಬ್ಬರಿನ ಪಟ್ಟಿ, ಸ್ಪಿರಿಟ್ಟಿನ ಹತ್ತಿ.
"ಮುಷ್ಟಿ ಬಿಗಿ ಹಿಡೀರಿ, ಆ ಕಡೆ ನೋಡಿ,
ಇರುವೆ ಕಚ್ಚಿದ ಹಾಗೆ, ಅಷ್ಟೇ."
ಇಪ್ಪತ್ತೆರಡು ವರ್ಷದಿಂದ ಹೇಳುತ್ತಿರುವ ಸುಳ್ಳು.
ಕುಂಸಿಯವರು, ಆಯನೂರಿನವರು, ಹೊಳೆಹೊನ್ನೂರಿನ ಅಜ್ಜಿಯರು
ಎಲ್ಲರೂ ಗೋಡೆ ನೋಡುತ್ತ ನನಗೆ ತೋಳು ಕೊಟ್ಟಿದ್ದಾರೆ.

ಸಂಜೆ ವಿನೋಬನಗರದ ಮನೆಯಲ್ಲಿ
ಅದೇ ಕೈಗೆ ಹೆದರುವ ಇನ್ನೊಂದು ಜೀವ.
ಗಾಜಿನ ಪೆಟ್ಟಿಗೆಯೊಳಗೆ, ಹಂಚಿನ ಚೂರಿನಡಿ,
ಹಳದಿ ಮೈ, ಮೈತುಂಬ ಕರಿ ಚುಕ್ಕೆ,
ರೆಪ್ಪೆ ಇರುವ ಹಲ್ಲಿ.
ಮಹಡಿಯ ಬಾಡಿಗೆ ಹುಡುಗ ಶ್ರೇಯಾಂಸ,
ದನದ ಡಾಕ್ಟರಾಗಲು ಓದುವವನು,
ಎರಡು ತಿಂಗಳ ತರಬೇತಿಗೆ ಹೊರಟಾಗ
"ಫ್ಲೋರಿನಕ್ಕ, ಸ್ವಲ್ಪ ಅಂಜುಬುರುಕ, ನೋಡ್ಕೊಳ್ಳಿ" ಅಂದ.
ಒಂದು ಡಬ್ಬಿ ಹುಳ, ಒಂದು ಚೀಟಿ ಕೊಟ್ಟ.
ಚೀಟಿ ಓದಲಿಲ್ಲ.
ಹಿಡಿಯುವುದನ್ನು ನನಗೆ ಯಾರು ಕಲಿಸಬೇಕು?

ಮೊದಲ ದಿನವೇ ಮೇಲಿನಿಂದ ಕೈ ಹಾಕಿದೆ,
ಹಟ ಮಾಡುವ ಮಕ್ಕಳ ತೋಳು ಹಿಡಿಯುವ ಹಾಗೆ.
ಒಂದು ಚೀರು, ಅಷ್ಟು ಸಣ್ಣ ಬಾಯಿಗೆ ಅಷ್ಟು ದೊಡ್ಡದು,
ಆಮೇಲೆ ನನ್ನ ಅಂಗೈಯಲ್ಲಿ ಬಾಲ ಮಾತ್ರ.
ಕುಣಿಯಿತು ಅದು. ಎಷ್ಟು ಹೊತ್ತು!
ರಕ್ತದ ಕೆಲಸದವಳ ಕಣ್ಣಿಗೆ
ಒಂದು ಹನಿಯೂ ಬೀಳಿಸದೆ
ತನ್ನ ಮೈಯನ್ನೇ ಬಿಟ್ಟುಕೊಟ್ಟು ಹೋಗಿತ್ತು.
ಪೇಪರಿನಲ್ಲಿ ಸುತ್ತಿ ದಾಸವಾಳದ ಬುಡದಲ್ಲಿ ಹೂತೆ.
ಕೈ ತೊಳೆದು ಚೀಟಿ ಬಿಚ್ಚಿದೆ:

"ಮೇಲಿನಿಂದ ಬರುವುದೆಲ್ಲ ಅದಕ್ಕೆ ಗಿಡುಗ.
ಕೈ ಕೆಳಗಿಡಿ. ಅದೇ ಬರಲಿ."

ಪಕ್ಕದ ಮನೆಯ ಪುಟ್ಟತಾಯಮ್ಮ ಪಂಚಾಂಗ ತಂದರು.
ಹಲ್ಲಿ ತಲೆಗೆ ಬಿದ್ದರೆ ಇಂಥದ್ದು, ಎಡ ಭುಜಕ್ಕಾದರೆ ಅಂಥದ್ದು.
"ಬಾಲ ಮಾತ್ರ ಕೈಗೆ ಬಂದರೆ?"
ಕನ್ನಡಕ ಏರಿಸಿ ಎರಡು ಸಲ ಹುಡುಕಿದರು.
"ನಿಮ್ಮ ಬೈಬಲ್ಲಲ್ಲಿ ಏನಾದ್ರೂ ಇದೆಯಾ ನೋಡು" ಅಂದು ಎದ್ದರು.

ಆಮೇಲೆ ಕಾಯುವುದು.
ಸ್ಪಿರಿಟ್ಟಿನ ವಾಸನೆ ಹೋಗಲೆಂದು ಕಡಲೆಹಿಟ್ಟಿನಲ್ಲಿ ಕೈ ತಿಕ್ಕಿ,
ದೀಪ ಆರಿಸಿ, ಬೀದಿ ಕಂಬದ ಬೆಳಕಿನಲ್ಲಿ
ಪೆಟ್ಟಿಗೆಯ ನೆಲಕ್ಕೆ ಕೈ ಮಲಗಿಸಿ ಕೂತೆ.
ಅದು ಸುಮ್ಮನಿದ್ದದ್ದನ್ನು ನಾನು ನೋಡಿದ್ದೇ ಇಲ್ಲ.
ನೆಂಟರ ಮನೆಯಲ್ಲಿ ಕೆಲಸ ಸಿಗದೆ ಕೂತ ಹೆಂಗಸಿನ ಹಾಗೆ
ಏನು ಮಾಡಲೂ ತೋಚದೆ ಬಿದ್ದುಕೊಂಡಿತ್ತು,
ಜುಮುಗುಟ್ಟಿತು, ಮರಗಟ್ಟಿತು, ಆಟೋ ಹೋದರೆ ಬೆಚ್ಚಿತು.
ಹಂಚಿನಡಿಯಿಂದ ಹಲ್ಲಿ ಇಣುಕಿ
ರೆಪ್ಪೆ ಬಡಿದು, ಮತ್ತೆ ಒಳಗೆ.
ಹನ್ನೊಂದು ರಾತ್ರಿ ಹೀಗೆ.
ಹನ್ನೆರಡನೆಯ ರಾತ್ರಿ
ಉಂಗುರದ ಬೆರಳನ್ನು ಒಮ್ಮೆ ನೆಕ್ಕಿ ಓಡಿಹೋಯಿತು.
ಒಲೆಯ ಮೇಲಿನ ಸಾರು ಸೀದರೂ ನಾನು ಏಳಲಿಲ್ಲ.

ಕಲಿತೆನೆಂಬ ಜಂಬದಲ್ಲಿ ಮರುದಿನ
ಮುಷ್ಟಿ ಬಿಡದ ಹುಡುಗನೊಬ್ಬನ ಮುಂದೆ
ಮೇಜಿನ ಮೇಲೆ ಅಂಗೈ ಬಿಚ್ಚಿ ಕೂತೆ.
ಅವನು ನೋಡಿದ. ನಾನು ಕಾದೆ.
ಸಾಲಿನಿಂದ ಯಾರೋ, "ಮೇಡಂ ನಿದ್ದೆ ಹೋದ್ರಾ?"
ಟೋಕನ್ ನಲವತ್ತೊಂದು, ಇನ್ನೂ ಅರವತ್ತು ಬಾಕಿ.
ಅವರಪ್ಪ ತೋಳು ಅದುಮಿ ಹಿಡಿದ, ನಾನು ಚುಚ್ಚಿದೆ.
ಬಾಲವಿದ್ದಿದ್ದರೆ ಬಿಟ್ಟೇ ಓಡುತ್ತಿದ್ದ.
ಇರುವೆ ಅಂತ ಮಾತ್ರ ಹೇಳಲಿಲ್ಲ.
"ನೋಯುತ್ತೆ ಮರಿ" ಅಂದೆ.

ಈಗ ಹೊಸ ಬಾಲ ಬರುತ್ತಿದೆ, ಮೂಲಂಗಿಯ ತುಂಡಿನ ಹಾಗೆ.
ಚುಕ್ಕೆಗಳು ಹಳೆಯ ಜಾಗದಲ್ಲಿಲ್ಲ.

ನಿನ್ನೆ ರಾತ್ರಿ ತಾನಾಗಿ ಅಂಗೈ ಹತ್ತಿತು.
ಕೋಳಿಮೊಟ್ಟೆಯಷ್ಟು ತೂಕ, ನಾಲ್ಕು ತಣ್ಣನೆ ಕಾಲು.
ಮಣಿಕಟ್ಟು ದಾಟಿ ಮೊಣಕೈಯ ಮಡಿಕೆಗೆ ಬಂದು,
ದಿನಾ ನಾನು ಎಲ್ಲರಲ್ಲೂ ಬೆರಳಿಟ್ಟು ಹುಡುಕುವ
ಆ ನೀಲಿ ನರದ ಮೇಲೆ
ಹೊಟ್ಟೆ ಹಚ್ಚಿ ಮಲಗಿತು.
ನನ್ನ ನಾಡಿ ಅದರ ಮೈಯನ್ನು
ಇಷ್ಟಿಷ್ಟೇ ಎತ್ತುತ್ತಿತ್ತು, ಇಳಿಸುತ್ತಿತ್ತು.
ನಾನು ಆ ಕಡೆ ತಿರುಗಲಿಲ್ಲ.

ಭಾನುವಾರ ಶ್ರೇಯಾಂಸ ಬರುತ್ತಾನೆ.
ಬಾಲದ ವಿಷಯ ಹೇಗೆ ಹೇಳುವುದೆಂದು
ಹಲ್ಲುಜ್ಜುವಾಗ ಅಭ್ಯಾಸ ಮಾಡುತ್ತಿದ್ದೇನೆ.