ಅವಕ್ಕೆ ಶನಿವಾರ ಗೊತ್ತಿಲ್ಲ

ಬ್ರ್ನೋ ಊರಿನ ಟ್ರಾಮ್ ತಿರುವಿನಲ್ಲಿ
ನೆಲಮಾಳಿಗೆಗೆ ಏಳು ಮೆಟ್ಟಿಲು. ಅಲ್ಲಿ ನನ್ನ ಅಂಗಡಿ.
ಜನವರಿ. ಅವನು ಒಳಗೆ ಕಾಲಿಟ್ಟಾಗ ಕನ್ನಡಕದ ತುಂಬ ಮಂಜು.
ಒರೆಸಿಕೊಂಡು ಒಂದು ಕಾಗದ ಬಿಡಿಸಿದ:
ಮಗಳು ಮೇಣದ ಬಳಪದಲ್ಲಿ ಬರೆದ ಮೀನುಗಳು,
ಒಟ್ಟು ಹದಿನೇಳು. ಎಲ್ಲವೂ ನಗುತ್ತಿವೆ.
"ಇವೆಲ್ಲ ಬೇಕು," ಅಂದ, "ಶನಿವಾರದೊಳಗೆ."

ನಾನು ವ್ಲಾಸ್ತಾ. ಮೂವತ್ತೊಂದು ವರ್ಷ ಮೀನು ಮಾರಿದ್ದೇನೆ.
ಮಾರದೆ ಕಳಿಸಿದ್ದು ಅದಕ್ಕಿಂತ ಹೆಚ್ಚು.

ಕಾಗದವನ್ನು ಗಲ್ಲಾದ ಮೇಲೆ ಹರಡಿ ಪೆನ್ಸಿಲು ಹಿಡಿದೆ.
ಈ ಏಂಜಲ್, ನೋಡಿ, ಈಗ ಬೆರಳ ಉಗುರಿನಷ್ಟು;
ಬೇಸಿಗೆಗೆ ಅಂಗೈಯಗಲ. ಆಮೇಲೆ ಬಾಯಿಗೆ ಹಿಡಿಸಿದ್ದೆಲ್ಲ ಊಟವೇ.
ನಿಮ್ಮ ನಿಯಾನ್‌ಗಳು ಸರಿಯಾಗಿ ಹಿಡಿಸುತ್ತವೆ.
ಬೆಟ್ಟಾ ಒಂಟಿ ಪ್ರಾಣಿ. ಗಪ್ಪಿಯ ಬಾಲ ಕಂಡರೂ ಸಾಕು,
ಇನ್ನೊಬ್ಬ ಬೆಟ್ಟಾ ಬಂದನೆಂದೇ ಮೇಲೆ ಬೀಳುತ್ತಾನೆ.
ಈ ಪಟ್ಟೆಯ ಬಾರ್ಬ್ — ಅವಳಿಗೆ ಹುಲಿ ಇಷ್ಟವೇ? —
ಯಾರ ರೆಕ್ಕೆಯಾದರೂ ಸರಿ, ಚಿವುಟಲೇಬೇಕು ಇದಕ್ಕೆ.
ಬೆಟ್ಟಾಕ್ಕೂ ಇದಕ್ಕೂ ಎಣ್ಣೆ ಸೀಗೆಕಾಯಿ.
ಇದು ಯಾವುದು, ನೇರಳೆ, ಕಾಲೂ ಇದೆ?
ಇಂಥದ್ದನ್ನು ದೇವರು ಇನ್ನೂ ಮಾಡಿಲ್ಲ.

"ತೊಟ್ಟಿ ಎಷ್ಟು ಲೀಟರು?"
"ಅರವತ್ತು. ಹೊಸ ಮನೆ, ಒಂದೇ ಕೋಣೆ. ಕಿಟಕಿಯ ಪಕ್ಕ."
"ಕಿಟಕಿ ಬೇಡ, ಪಾಚಿ ಕಟ್ಟುತ್ತದೆ. ಮಂಚದ ಹತ್ತಿರ ಇಡಿ."
"ಮಂಚ ಮಗಳದು. ಬಂದಾಗ. ವಾರ ಬಿಟ್ಟು ವಾರ ಬರುತ್ತಾಳೆ."
ಕೇಳಿದ್ದಕ್ಕಿಂತ ಹೆಚ್ಚು ಹೇಳಿದೆನೆಂದು
ಕನ್ನಡಕ ಮತ್ತೆ ಒರೆಸಿದ. ಈ ಸಲ ಮಂಜಿರಲಿಲ್ಲ.

ನನ್ನ ಗಂಡ ಓಲ್ಡ್ರಿಖ್ ಇದ್ದಿದ್ದರೆ ಕರಗುತ್ತಿದ್ದ.
ಸ್ನಾನದ ತೊಟ್ಟಿಯಲ್ಲೇ ಮೀನು ಮರಿ ಮಾಡಿಸಿದವನು ಅವನು;
ಆರು ವರ್ಷ ನಾವು ಬಕೆಟ್ಟಿನಲ್ಲಿ ಮೈ ತೊಳೆದೆವು.
ನಾನು ಕರಗಲಿಲ್ಲ. ಹೊಸ ನೀರು ಹಸಿ ನೀರು, ಅಂದೆ.
ಮೀನಿನ ಕೊಳೆ ಅರಗಿಸುವ ಜೀವಾಣುಗಳು
ಮರಳಿನಲ್ಲಿ, ಸ್ಪಂಜಿನೊಳಗೆ ಮೊದಲು ಒಕ್ಕಲು ಹೂಡಬೇಕು.
ನಾಲ್ಕು ವಾರ. ಅವಕ್ಕೆ ಶನಿವಾರ ಗೊತ್ತಿಲ್ಲ.
ಅವಸರಕ್ಕೆ ಮೀನು ಬಿಟ್ಟಿರೋ, ಮಗಳ ಎದುರಿಗೇ ತೇಲುತ್ತವೆ.

ಮರಳು, ಹೀಟರು, ಒಂದು ಹಿಡಿ ಗಿಡ ಕೊಂಡ.
"ಅವಳಿಗೆ ಏನು ತೋರಿಸಲಿ?"
"ನೀರು ತೋರಿಸಿ."
ನನ್ನ ನಾಲಿಗೆಯೂ ಒಮ್ಮೊಮ್ಮೆ ಬಲು ಬಿರುಸು.

ಫೆಬ್ರವರಿಯ ಕೊನೆಗೆ ಇಬ್ಬರೂ ಇಳಿದು ಬಂದರು.
ಝೋಫಿಯೆ, ಏಳು ವರ್ಷ, ಮುಂದಿನ ಹಲ್ಲಿಲ್ಲ.
ಬಂದವಳೇ ದೂರು: "ನಿಮ್ಮ ಗಿಡದಲ್ಲಿ ಯಾರೋ ಇದ್ದರು!"
ಬಸವನಹುಳು. ಎಳ್ಳಿನಷ್ಟು ಬಂದದ್ದು ಈಗ ಬಟಾಣಿಯಷ್ಟು.
ಹೆಸರು ಇಂಜಿನಿಯರ್ ಸಾಹೇಬರು.
ದಿನವೂ ಗಾಜು ಅಳೆಯುತ್ತಾರಂತೆ,
ಎಲ್ಲಿಂದ ಎಲ್ಲಿಯವರೆಗೆ ಎಂದು
ಅಪ್ಪ ರಾತ್ರಿ ಫೋನಿನಲ್ಲಿ ಹೇಳುತ್ತಾನಂತೆ.

ಅಪ್ಪನ ಬೆರಳು ಪಟ್ಟೆಯ ಲೋಚ್ ಕಡೆಗೆ ಹೋಯಿತು: "ಇದು ಚೆನ್ನಾಗಿದೆ."
ನಾನು ಬಾಯಿ ತೆರೆಯುವ ಮೊದಲೇ ಅವಳು:
"ಅದು ಬಸವನಹುಳು ತಿನ್ನುತ್ತಾ?"
ತಿನ್ನುತ್ತದೆ, ಅಂದೆ. ಚಿಪ್ಪಿನಿಂದ ಹೀರಿಬಿಡುತ್ತದೆ.
"ಹಾಗಾದರೆ ಬೇಡ."
ಪ್ರತಿ ಗಾಜಿನ ಮುಂದೆಯೂ ಅದೇ ಪ್ರಶ್ನೆ.
ಹದಿನೇಳು ಮೀನುಗಳ ಕಾಗದ ನೆನಪೇ ಇಲ್ಲ ಅವಳಿಗೆ.
ಯಾರಿಗೆ ಯಾರು ಆಗುತ್ತಾರೆಂದು ಇಷ್ಟು ವರ್ಷ
ಮೀನಿನಿಂದ ಮೀನಿಗೆ ಲೆಕ್ಕ ಹಾಕಿದವಳು ನಾನು;
ಕರೆಯದೆ ಬಂದವನಿಂದ ಲೆಕ್ಕ ಶುರುಮಾಡಿದ್ದು ಇವಳೇ ಮೊದಲು.

ಐದು ಕೆಂಪು ಪ್ಲಾಟಿ ಕೊಟ್ಟೆ. ನಮ್ಮೂರ ಗಡಸು ನೀರು ಅವಕ್ಕೆ ಒಗ್ಗುತ್ತದೆ.
ಐದೂ ಗಂಡು; ಇಲ್ಲದಿದ್ದರೆ ಬೇಸಿಗೆಗೆ ಐವತ್ತು.
ಚೀಲ ಕೋಟಿನ ಒಳಗಿರಲಿ, ಹೊರಗೆ ಹಿಮ.
ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಡಿ, ದೀಪ ಬೇಡ, ಇವತ್ತು ಊಟವೂ ಬೇಡ.
ಅವನು ಗುಂಡಿ ಹಾಕಿಕೊಂಡ. ಅವಳು ಕೋಟಿಗೆ ಕಿವಿಯಿಟ್ಟಳು.

ಮುಂದಿನ ಶನಿವಾರ ಒಬ್ಬನೇ ಬಂದ.
ಕೊಳ್ಳಲು ಏನೂ ಇರಲಿಲ್ಲ.
ಸಾಹೇಬರು ಎರಡು ದಿನದಿಂದ ಕಾಣುತ್ತಿಲ್ಲ, ಅಂದ;
ರಾತ್ರಿ ಅವಳು ಕೇಳುತ್ತಾಳೆ.
ಎಲೆಯಡಿ ಇರುತ್ತಾರೆ, ದೀಪ ಆರಿದ ಮೇಲೆ ಹೊರಡುತ್ತಾರೆ, ಅಂದೆ.
"ಎಷ್ಟು ಹೊತ್ತಿಗೆ?"
ಮುಚ್ಚುವ ವೇಳೆ ದಾಟಿತ್ತು. ಪಂಪುಗಳು ಗುಳುಗುಳು ಅನ್ನುತ್ತಿದ್ದವು.
ಓಲ್ಡ್ರಿಖ್ ಕೂರುತ್ತಿದ್ದ ಸ್ಟೂಲನ್ನು
ಕಾಲಿನಿಂದ ಅವನತ್ತ ತಳ್ಳಿದೆ.