ಬೀಗದ ಕೈ ಮೊದಲು

ರುಜು ಹಾಕಿದ ದಿನವೇ ಬೀಗದ ಕೈ ಕೊಟ್ಟರು.
ಕೆಂಪು ರಿಬ್ಬನ್ನು, ಅದಕ್ಕೆ ಜೋತ ಹಿತ್ತಾಳೆಯ ಪುಟ್ಟ ಮನೆ.
"ತೊಂಬತ್ತೇ ದಿನ" ಅಂದ ಹಾಲ್ಡರ್ಸನ್,
ನನ್ನ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದು,
ಹೆಣ್ಣು ಒಪ್ಪಿಸಿಕೊಡುವವನ ಹಾಗೆ.

ಡೆಲುಬೀನಾ ನನ್ನ ತಂಗಿ. ನಂಬುವ ಕೆಲಸ ಅವಳದ್ದು,
ಲೆಕ್ಕ ಇಡುವುದು ನನ್ನದು.
ಆ ರಾತ್ರಿಯೇ ನಕ್ಷೆ ಹರಡಿಕೊಂಡು
ಅಡುಗೆಮನೆ ಕಿಟಕಿಗೆ ಪರದೆ ಕತ್ತರಿಸಿದಳು:
ಹಳದಿ ಬಟ್ಟೆ, ಅಂಚಿಗೆ ಸಾಲು ಮೆಣಸಿನಕಾಯಿ.

ಟುಕಂಕಾರಿಯ ಮನೆ ಮಾರಿ ಮುಂಗಡ ಕಟ್ಟಿದ್ದೆವು.
ಈಗ ಹದಿನೆಂಟು ಅಡಿಯ ಟ್ರೇಲರಿನಲ್ಲಿ ನಾವಿಬ್ಬರು.
ಹಗಲು ಊಟದ ಮೇಜು, ರಾತ್ರಿ ಅದೇ ಅವಳ ಮಂಚ.
ಒಬ್ಬಳು ನಿಂತರೆ ಇನ್ನೊಬ್ಬಳು ಕೂರಬೇಕು,
ಒಬ್ಬಳು ಮುನಿದರೆ ಇಬ್ಬರಿಗೂ ಉಸಿರು ಕಟ್ಟುತ್ತದೆ.

ಹೊರಗೆ ಎಲ್ಲ ಸಿದ್ಧ.
ಶೌಚದ ಗುಂಡಿಗೆ ಮುಚ್ಚಳ ಬಿದ್ದಿದೆ,
ಕಂಬ ನೆಟ್ಟು ಮೀಟರು ಕೂರಿಸಿ ಹೋಗಿದ್ದಾರೆ.
ಇಲ್ಲದ ಮನೆಗೆ ತಿಂಗಳು ತಿಂಗಳು
ಹದಿನೇಳು ಡಾಲರು ಕನಿಷ್ಠ ಶುಲ್ಕ.
ಕಾಂಕ್ರೀಟಿನ ಪಟ್ಟಿಗಳ ಮೇಲೆ ಹಲ್ಲಿಗಳು ಬಿಸಿಲು ಕಾಯಿಸುತ್ತವೆ;
ಗೃಹಪ್ರವೇಶ ಮೊದಲು ಅವುಗಳದ್ದಾಯಿತು.

ಕಿಟಕಿ ಬಂದಿಲ್ಲ ಅಂದರು.
ಆಮೇಲೆ ಕಿಟಕಿ ಬಂತು, ಕೂರಿಸುವವನು ಕೆಲಸ ಬಿಟ್ಟ.
ಆಮೇಲೆ ಕಾರ್ಖಾನೆಯ ಊರಲ್ಲಿ ಹಿಮ.
ಆಮೇಲೆ ಪರವಾನಗಿ, ಆಮೇಲೆ ಅಚ್ಚುಗಳ ಕೊರತೆ,
ಆಮೇಲೆ ಹಾಲ್ಡರ್ಸನ್ನನೇ ಇಲ್ಲ.
ಅವನ ಕುರ್ಚಿಯಲ್ಲಿ ಬ್ರಿಂಡಿ ಎಂಬ ಹುಡುಗಿ,
ನಮ್ಮ ಕಡತ ಯಾವ ಬಣ್ಣದ್ದೆಂದು ನನ್ನನ್ನೇ ಕೇಳಿದಳು.
"ಮಂಗಳವಾರ ಖಂಡಿತ, ಅಮ್ಮ."
ಯಾವ ಮಂಗಳವಾರ ಎನ್ನುವುದು
ಬೇರೆ ವಿಭಾಗಕ್ಕೆ ಸೇರಿದ್ದಂತೆ.

ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ,
ಕಟ್ಟುವ ಗೋಳೇ ಬೇಡವೆಂದು ಕೊಂಡವರು ನಾವು!
ಬ್ಯಾಂಕಿನವರು ಮಾತ್ರ ಒಂದು ದಿನವೂ ತಡ ಮಾಡಲಿಲ್ಲ.

ಹದಿನಾಲ್ಕನೆಯ ತಿಂಗಳು, ಒಂದು ಗುರುವಾರ,
ಹೇಳದೆ ಕೇಳದೆ, ಮಣ್ಣುದಾರಿಯ ಧೂಳೆಬ್ಬಿಸುತ್ತ
ಅರ್ಧ ಮನೆ ಬಂತು.
ಒಂದು ಕಡೆ ಗೋಡೆ. ಇನ್ನೊಂದು ಕಡೆ
ಬರೀ ಪ್ಲಾಸ್ಟಿಕ್ ಹಾಳೆ, ಗಾಳಿಗೆ ಹೊಟ್ಟೆ ಉಬ್ಬಿಸುತ್ತ, ಒಳಗೆಳೆದುಕೊಳ್ಳುತ್ತ.
"ನನಗೆ ಕೊಟ್ಟದ್ದು ಇದೊಂದೇ" ಅಂದ ಲಾರಿಯವನು.
ಡೆಲುಬೀನಾ ಕೊಟ್ಟ ತಮಾಲೆ ಎರಡು ತಿಂದ,
ಮೂರನೆಯದನ್ನು ಕಾಗದದಲ್ಲಿ ಸುತ್ತಿಕೊಂಡ,
ನನ್ನ ರುಜು ಪಡೆದು ಹೊರಟೇಹೋದ.

ಅವಳು ಬೀಗದ ಕೈ ತಂದಳು.
ರಿಬ್ಬನ್ನು ಬಿಳಿಚಿ ಬೇಯಿಸಿದ ಮಾಂಸದ ಬಣ್ಣಕ್ಕೆ ತಿರುಗಿತ್ತು.
ಇಬ್ಬರೂ ಒಂದು ಸುತ್ತು ಬಂದೆವು,
ದೇವರ ಸುತ್ತ ಬಂದ ಹಾಗೆ, ನಿಧಾನ.
ಬಾಗಿಲು ಇದ್ದದ್ದು ಇನ್ನೊಂದು ಅರ್ಧದಲ್ಲಿ.

ಬೈಯಬೇಕೆಂದಿದ್ದೆ ನಾನು,
ವರ್ಷಕ್ಕೂ ಮಿಕ್ಕಿ ಸಾಣೆ ಹಿಡಿದಿಟ್ಟ ಬೈಗುಳ.
ನಗು ಬಂತು. ಕೆಮ್ಮು ಬರುವಷ್ಟು ನಗು.
ಅವಳು ನಗಲಿಲ್ಲ.

ತರಕಾರಿ ಚಾಕುವಿನಿಂದ ಹಾಳೆ ಸೀಳಿ,
ಏಣಿ ಇಟ್ಟು, ಅರವತ್ತೆಂಟರ ಮಂಡಿ ಊರಿ
ಒಳಗೆ ಹತ್ತಿದಳು ನನ್ನ ತಂಗಿ, ಕಂಕುಳಲ್ಲಿ ಪರದೆ.
ಸುತ್ತಿಗೆಯ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ.
ಪರದೆ ಒಂದು ಗೇಣು ಗಿಡ್ಡ.
ನಕ್ಷೆಯ ಕಿಟಕಿಯೇ ಬೇರೆ, ಬಂದ ಕಿಟಕಿಯೇ ಬೇರೆ.
ಆದರೂ ತೂಗುಬಿಟ್ಟಳು. ಕೆಳಗಿನ ಸಂದಿನಲ್ಲಿ
ಅವಳ ಬೆರಳುಗಳು ಗಾಜು ಒರೆಸುವುದು ಕಂಡಿತು.

ಕತ್ತಲಾಯಿತು. ಇಳಿದು ಬಾ, ಅಂದೆ.
"ಇರು" ಅಂದಳು ಒಳಗಿನಿಂದ.
ಎಂಟಕ್ಕೆ ಮತ್ತೆ ಕರೆದೆ, ಕಂಬಳಿ ಎಸೆದು ಬಂದೆ.
ಈ ರಾತ್ರಿ ಮೇಜನ್ನು ಮಂಚ ಮಾಡುವುದಿಲ್ಲ.
ಒಬ್ಬಳೇ ಕೂತು ಅವರೆ ಸಾರು ಬಿಸಿ ಮಾಡಿಕೊಂಡೆ,
ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ
ಕಾಲು ಪೂರ್ತಿ ಚಾಚಿ.