ಆಚೆ ದಡದ ಭಾನುವಾರ

ಬೆಳಿಗ್ಗೆ ಏಳಕ್ಕೆ ಬಿಟ್ಟ ತೆಪ್ಪ
ಎಂಟೂವರೆಗೂ ನೀರಿನ ನಡುವೆಯೇ.
ಕಬಿನಿಯ ಹಿನ್ನೀರ ಮೇಲೆ ಮಂಜು,
ಹಾಲು ಕಾಯಿಸಿ ಇಳಿಸಿದ ಪಾತ್ರೆಯಿಂದ ಏಳುವ ಹಾಗೆ.
ತೊಡೆಯ ಮೇಲೆ ನೀಲಿ ಡಬ್ಬಿ, ಒಳಗೆ ಐಸು,
ಐಸಿನ ನಡುವೆ ಹೆಬ್ಬೆರಳಿನಷ್ಟು ಸೀಸೆ.
ಗೆಂಡೆಮಾಳದ ಹಾಡಿಯಲ್ಲಿ ಹನ್ನೊಂದು ಮಕ್ಕಳು,
ತಲೆಗೆ ಎರಡು ಹನಿ.

ಇಳಿಯುವ ಕಡೆಯೇ ನಿಂತಿತ್ತು ಆನೆ.
ಜೊತೆಗೊಂದು ಮರಿ.

ಬೆಳ್ಳನಾಯಕ ಹುಟ್ಟು ಎತ್ತಿ ಮಂಡಿಯ ಮೇಲಿಟ್ಟ.
"ಕೂಗ್‌ಬ್ಯಾಡ ಕಣವ್ವ. ಅವಳೂ ಮಗೀನ್ ಕರ್ಕೊಂಡು ಬಂದವ್ಳೆ."
ಬೀಡಿ ತೆಗೆದ, ಗಾಳಿ ನೋಡಿದ,
ಮತ್ತೆ ಕಿವಿಗೆ ಸಿಕ್ಕಿಸಿದ.

ನಿಲ್ಲಿಸಿದ ತೆಪ್ಪ ನಿಲ್ಲುವುದಿಲ್ಲ, ನಿಧಾನ ಸುತ್ತುತ್ತದೆ:
ಒಮ್ಮೆ ನಮ್ಮೂರು, ನೀರಿನ ಟ್ಯಾಂಕು, ಒಣಹಾಕಿದ ಬಲೆ,
ರೆಸಾರ್ಟಿನವರ ಬಿಳಿ ಬೋಟು;
ಒಮ್ಮೆ ನೀರೊಳಗೇ ಸತ್ತು ನಿಂತ ಮರ,
ಅದರ ಮೇಲೆ ರೆಕ್ಕೆ ಒಣಗಿಸುವ ನೀರುಕಾಗೆ;
ಒಮ್ಮೆ ಕಾಡು;
ಮತ್ತೆ ಆನೆ.

ಮರಿಗೆ ಇನ್ನೂ ಸೊಂಡಿಲ ಬಳಕೆ ಬಾರದು.
ಅದ್ದುತ್ತದೆ, ಎತ್ತುತ್ತದೆ,
ಬಾಯಿ ಸೇರುವಷ್ಟರಲ್ಲಿ ಎಲ್ಲ ಖಾಲಿ.
ಕಡೆಗೆ ಕೆಸರಿಗೆ ಮಂಡಿಯೂರಿ
ಬಾಯನ್ನೇ ನೀರಿಗಿಟ್ಟಿತು.
ತಾಯಿ ನೋಡುತ್ತ ನಿಂತಳು,
ಕಲಿಸಲಿಲ್ಲ, ಅವಸರಿಸಲೂ ಇಲ್ಲ.

ನಾನು ಡಬ್ಬಿ ತೆರೆದೆ.
ಸೀಸೆಯ ಚೀಟಿಯಲ್ಲೊಂದು ವೃತ್ತ, ಒಳಗೊಂದು ಚೌಕ.
ಬಿಸಿ ತಾಕಿದರೆ ಚೌಕ ಕಪ್ಪಾಗುತ್ತದೆ,
ಕಪ್ಪಾದರೆ ಮದ್ದು ಮದ್ದಲ್ಲ
ಎಂದು ತರಬೇತಿಯಲ್ಲಿ ಮೂರು ಸಲ ಹೇಳಿದ್ದರು.
ಆನೆ ನಿಂತರೆ ಏನು ಮಾಡಬೇಕೆಂದು ಹೇಳಿರಲಿಲ್ಲ.
ಚೌಕ ಬೆಳ್ಳಗಿತ್ತು.
ಮುಚ್ಚಿದೆ. ಮತ್ತೆ ತೆರೆದೆ.
ಮೊದಲ ಬಾಣಂತನದಲ್ಲಿ, ಮಲಗಿದ ಮಗು ಉಸಿರಾಡುತ್ತಿದೆಯೇ ಎಂದು
ಮೂಗಿಗೆ ಬೆರಳು ಹಿಡಿಯುತ್ತಿದ್ದೆನಲ್ಲ, ಹಾಗೆ.

"ಆ ಮರೀಗೂ ಎರ್ಡು ಹನಿ ಬುಡವ್ವ," ಎಂದ ಬೆಳ್ಳನಾಯಕ,
"ಐದು ವರ್ಸದ ಒಳ್ಗೇ ಇದ್ದಾತು."
ಬಾಯಿ ಮುಚ್ಚಿಕೊಂಡು ನಕ್ಕೆವು, ತೆಪ್ಪ ಅಲುಗುವಷ್ಟು.

ಅವು ಹೋದದ್ದು ನಾವು ಕಾಣಲಿಲ್ಲ.
ತೆಪ್ಪ ಊರಿನ ಕಡೆ ತಿರುಗಿತ್ತು ಆಗ.

ಹಾಡಿಯಲ್ಲಿ ಸಿಕ್ಕಿದ್ದು ಏಳು ಮಕ್ಕಳು.
ಉಳಿದ ನಾಲ್ಕು, ಕಾಫಿ ಕೊಯ್ಲಿಗೆ ಹೋದ ಅವ್ವಂದಿರ ಬೆನ್ನ ಮೇಲೆ
ಕೊಡಗಿನ ಯಾವ ಎಸ್ಟೇಟಿನಲ್ಲೋ.
ಮಾಸ್ತಮ್ಮನ ಕೂಸು ಮೊದಲ ಹನಿ ಉಗಿದು
ಮತ್ತೆ ತಾನೇ ಬಾಯಿ ತೆರೆಯಿತು.
ಏಳು ಕಿರುಬೆರಳಿಗೆ ಮಸಿ.

ಪಟ್ಟಿಯ ಕೊನೆಗೆ "ತಡವಾದ ಕಾರಣ" ಎಂಬ ಅಂಕಣ.
ಆನೆ, ಎಂದು ಬರೆದೆ.
ಅಷ್ಟೇ ಬರೆದರೆ ಸುಳ್ಳಾದೀತು ಅನಿಸಿ
ಪಕ್ಕದ ಇಕ್ಕಟ್ಟಿನಲ್ಲಿ ಸೇರಿಸಿದೆ:
ಮತ್ತು ಮರಿ.